ಪಾಪಕ್ಕನ ತಗಡು, ಪಿಕಪ್ಪಿನ ಕಣ್ಣು

ಚಲಪತಿ ಸಾಗಿಸುವುದು ತರಕಾರಿಯಲ್ಲ, ತರಕಾರಿಯ ಸಸಿ. ಬಂಗಾರಪೇಟೆ ಸುತ್ತಲಿನ ನರ್ಸರಿಗಳಲ್ಲಿ ಬೆಳೆಸಿದ ಟೊಮೆಟೊ, ಹೂಕೋಸು, ದಪ್ಪ ಮೆಣಸಿನಕಾಯಿಯ ಸಸಿಗಳನ್ನು ಟ್ರೇಗಳ ಸಮೇತ ತನ್ನ ಪಿಕಪ್ಪಿನಲ್ಲಿ ಅಂತಸ್ತಾಗಿ ಜೋಡಿಸಿಕೊಂಡು ಹೊಸಕೋಟೆ, ದೇವನಹಳ್ಳಿ ಕಡೆಯ ತೋಟಗಳಿಗೆ ಮುಟ್ಟಿಸುತ್ತಾನೆ. ಬೆಳೆದ ಟೊಮೆಟೊ ಜಜ್ಜಿದರೆ ಸಾರಿಗಾದರೂ ಆಗುತ್ತದೆ. ಕತ್ತು ಮುರಿದ ಸಸಿ ಯಾವುದಕ್ಕೂ ಆಗುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಬೇಗ ಹೋಗುವವನಿಗಿಂತ ಒಂದೇ ಸಮನೆ ಹೋಗುವವನಿಗೆ ಬೆಲೆ.

"ಸಸಿ ಅಂದ್ರೆ ಬಾಣಂತಿ ಇದ್ದಂಗೆ," ಎನ್ನುತ್ತಾನೆ ಚಲಪತಿ. "ಕುಲುಕಿಸ್ಬಾರ್ದು, ಗಾಳಿಗಿಡಬಾರ್ದು, ಬೈಬಾರ್ದು."

ಬೈಯಬಾರದು ಎಂಬುದಕ್ಕೆ ಅವನಲ್ಲಿ ಆಧಾರವಿಲ್ಲ. ಉಳಿದೆರಡು ನಿಜ.

ವಯಸ್ಸು ಐವತ್ತರ ಆಸುಪಾಸು. ಊರಿನಲ್ಲಿ ಅವನಿಗಿರುವ ಮರ್ಯಾದೆಯೆಲ್ಲ ಸ್ಟಿಯರಿಂಗ್ ಹಿಂದೆ ಕೂತು ಸಂಪಾದಿಸಿದ್ದು. ಗಾಡಿಯಿಂದ ಇಳಿದರೆ ಕಿವಿ ಕೆರೆದುಕೊಳ್ಳುತ್ತ ನಿಲ್ಲುವ ಸಾಧಾರಣ ಮನುಷ್ಯ. ಹತ್ತಿದರೆ ಬೆನ್ನು ನೆಟ್ಟಗಾಗುತ್ತದೆ.

ಕಳೆದ ಮಳೆಗಾಲದಲ್ಲಿ ಒಂದು ತೋಟದಲ್ಲಿ ಟ್ರೇ ಇಳಿಸುವಾಗ ಕೆಸರಿನಲ್ಲಿ ಜಾರಿ ಬಿದ್ದು ಬಲ ಮೊಣಕಾಲು ತಿರುಚಿತು. ವಾಸಿಯಾಯಿತು, ಪೂರ್ತಿ ಅಲ್ಲ. ಮಡಿಸಬಹುದು, ಚಾಚಬಹುದು, ಬ್ರೇಕ್ ತುಳಿಯಬಹುದು. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಇಟ್ಟರೆ ಮಾತ್ರ ಕೀಲು ಹಿಡಿದುಕೊಳ್ಳುತ್ತಿತ್ತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡಿರುವುದೆಂದರೆ ಅದೇ ತಾನೆ. ಮಾಲೂರು ದಾಟುವಷ್ಟರಲ್ಲಿ ಕಾಲು ಅದುರಿ, ಗಾಡಿ ಎಳೆದು ಬಿಟ್ಟು, ಎಳೆದು ಬಿಟ್ಟು ಓಡುತ್ತಿತ್ತು. ಒಂದು ದಿನ ಮುಂದಿನ ಲಾರಿ ನಿಧಾನವಾದಾಗ ಇವನ ಗಮನವೆಲ್ಲ ನೋವಿನ ಮೇಲಿತ್ತು. ತಡವಾಗಿ, ಜೋರಾಗಿ ಬ್ರೇಕ್ ಒತ್ತಿದ. ಗುದ್ದಲಿಲ್ಲ. ಆದರೆ ಹಿಂದೆ ಟ್ರೇಗಳ ಸಾಲು ಕುಸಿದು ಲೋಡು ಪೂರ್ತಿ ಹಾಳಾಯಿತು.

ಹೆಂಡತಿ ಮುನಿಲಕ್ಷ್ಮಿ ಆ ಸಸಿಗಳು ಬಂದ ನರ್ಸರಿಯಲ್ಲೇ ಕೂಲಿ ಮಾಡುವವಳು. ಅವುಗಳ ಬೀಜವನ್ನು ಟ್ರೇಯ ಗುಳಿಗೊಂದರಂತೆ ಊರಿದವಳು ಅವಳೇ. ಸುದ್ದಿ ಕೇಳಿ ಅಳಲಿಲ್ಲ, ಕೂಗಾಡಲಿಲ್ಲ.

"ಇವತ್ತು ಸಸಿ. ನಾಳೆ ಯಾರದ್ದಾನಾ ತಲೆ. ಕೀ ನಮ್ ವೆಂಕಿ ಕೈಗೆ ಕೊಡು. ನೀನು ಪಕ್ಕದಲ್ ಕುಂತ್ಕೊಂಡು ದಾರಿ ತೋರ್ಸು," ಎಂದಳು. ವೆಂಕಿ ಅವಳ ತಮ್ಮ.

"ವೆಂಕಿ ಓಡ್ಸಿದ್ರೆ ಸಸಿ ಓಗಲ್ಲಮ್ಮೀ, ಚಟ್ನಿ ಓಗ್ತದೆ."

"ನೀನು ತಕ್ಕೊಂಡೋಗಿದ್ದೇನು, ಪಾಯಸಾನಾ?"

ಚಲಪತಿಗೆ ಒಂದು ಉಪಾಯ ಹೊಳೆಯಿತು. ಅವನು ಸಸಿ ಕೊಡುವ ತೋಟದ ಯಜಮಾನರೊಬ್ಬರ ಹೊಸ ಕಾರಿನಲ್ಲಿ ಒಮ್ಮೆ ಹೋಗಿದ್ದ. ಅವರು ಗುಂಡಿ ಒತ್ತಿ ವೇಗ ಗೊತ್ತುಮಾಡಿ ಕಾಲು ತೆಗೆದುಬಿಟ್ಟಿದ್ದರು. ಮುಂದೆ ಗಾಡಿ ಬಂದಾಗ ಕಾರು ತಾನೇ ನಿಧಾನವಾಗಿ, ದೂರ ಕಾಯ್ದುಕೊಂಡು, ರಸ್ತೆ ಬಿಡುವಾದಾಗ ಮತ್ತೆ ವೇಗ ಹಿಡಿದಿತ್ತು. ಅದನ್ನು ಪಿಕಪ್ಪಿಗೆ ಹಾಕಿಸಲು ಆಗುತ್ತದೆಯೇ ಎಂದು ಕೇಳಿಕೊಂಡು ಅವನು ಕೆಜಿಎಫ್‌ನ ಉರಿಗಾಂಗೆ ಹೋದ.

ಉರಿಗಾಂನಲ್ಲಿ ವಿಜಯಕುಮಾರನ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಚಿನ್ನದ ಗಣಿ ಮುಚ್ಚಿದ ಮೇಲೆ ದೊಡ್ಡವರಾದ ಕೆಜಿಎಫ್ ಹುಡುಗರ ಹಾಗೆ ಅವನೂ ಬಹಳ ವರ್ಷ ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿನ ಗ್ಯಾರೇಜಿಗೆ ಹೋಗಿ ಬಂದವನು. ಅಪಘಾತವಾದ ದುಬಾರಿ ಕಾರುಗಳನ್ನು ಬಿಚ್ಚಿ ಕಟ್ಟುತ್ತ ಈ ವಿದ್ಯೆ ಕಲಿತ. ಚಲಪತಿಯ ಮಾತು ಕೇಳಿ ಬಾನೆಟ್ ಎತ್ತಿ ನೋಡಿದ.

"ಆಗುತ್ತೆ ಅಣ್ಣಾ. ಮುಂದೆ ಒಂದು ರೇಡಾರ್ ಪೆಟ್ಟಿಗೆ, ಅದೇ ಕಣ್ಣು. ಮುಂದಿನ ಗಾಡಿ ಹತ್ರ ಬಂದ್ರೆ ಆಕ್ಸಿಲರೇಟರ್ ಬಿಡುತ್ತೆ. ದೂರ ಹೋದ್ರೆ ಕೊಡುತ್ತೆ. ನಿಧಾನ ಆಗಿದ್ದು ಸಾಲದೇ ಹೋದ್ರೆ ಕೂಗುತ್ತೆ, ಆಗ ಬ್ರೇಕ್ ನೀನೇ ಹಾಕ್ಬೇಕು. ಬ್ರೇಕಿಗೆ ಮಾತ್ರ ನಾನು ಕೈ ಹಾಕಲ್ಲ."

"ಯಾಕೆ, ಬರಲ್ವಾ?"

"ಬರುತ್ತೆ. ಅದಕ್ಕೇ ಹಾಕಲ್ಲ. ನಾನು ಮಾಡಿದ ಬ್ರೇಕ್ ಒಂದ್ ದಿನ ಕೈ ಕೊಟ್ರೆ, ಸಾಮಿ ಸತ್ಯಮಾ, ನಂಗೆ ನಿದ್ದೆ ಬರಲ್ಲ."

ಇಂಥ ಮನುಷ್ಯನ ಕೈಗೆ ಗಾಡಿ ಕೊಡಬಹುದು. ಚಲಪತಿ ಕೊಟ್ಟ. ಕೆಲಸ ಮುಗಿದ ದಿನ ಇಬ್ಬರೂ ಉರಿಗಾಂ ರಸ್ತೆಯಲ್ಲೇ ಓಡಿಸಿ ನೋಡಿದರು. ಹಸಿರು ದೀಪ ಹತ್ತಿತು, ಕಣ್ಣು ಕಂಡಿತು.

ಮುನಿಲಕ್ಷ್ಮಿ ಒಂದು ಷರತ್ತು ಹಾಕಿದಳು. ಮಾರಾಟಕ್ಕೆ ಬಾರದೆ ಉದ್ದ ಬೆಳೆದುಹೋದ ಸಸಿಗಳ ಟ್ರೇ ಹೇರಿಕೊಂಡು ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಹೋಗಿ ಬರಬೇಕು. ತಾನೂ ಕೂತಿರುತ್ತಾಳೆ. ಒಂದು ಟ್ರೇ ಬಿದ್ದರೂ ಕೀ ವೆಂಕಿಗೆ. ಚಲಪತಿ ಒಪ್ಪಿದ, ಒಪ್ಪದೆ ದಾರಿಯಿರಲಿಲ್ಲ.

ಮರುದಿನ ಬೆಳಿಗ್ಗೆ ವಿಜಯಕುಮಾರ್ ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿದ. ಮೂವರೂ ಕ್ಯಾಬಿನ್ನಿನಲ್ಲಿ ಒತ್ತಿಕೊಂಡು ಕೂತು ಹೊರಟರು. ದಾರಿಯಲ್ಲಿ ಚಲಪತಿ ಗುಂಡಿ ಒತ್ತಿದ. ಕೆಂಪು ದೀಪ. ಮತ್ತೆ ಒತ್ತಿದ. ಕೆಂಪು.

"ಕಣ್ಣು ಕಾಣ್ತಿಲ್ಲ ಅಂತಿದೆ," ಎಂದ ವಿಜಯಕುಮಾರ್. ಅವನ ಮುಖ ಸಣ್ಣದಾಯಿತು.

"ನಿನ್ನೆ ಕಂಡಿದ್ದು ಇವತ್ತು ಕುರುಡಾಯ್ತಾ?" ಎಂದಳು ಮುನಿಲಕ್ಷ್ಮಿ. ಮೊಬೈಲ್ ತೆಗೆದು ತಮ್ಮನ ನಂಬರ್ ಹುಡುಕತೊಡಗಿದಳು.

"ತಾಳಮ್ಮೀ, ಒಂದ್ ನಿಮಿಷ," ಎಂದು ಚಲಪತಿ ಗಾಡಿಯನ್ನು ಎಕ್ಸ್‌ಪ್ರೆಸ್ ರಸ್ತೆಯ ಬುಡದಲ್ಲೇ ಪಕ್ಕಕ್ಕೆ ಹಾಕಿದ. ವಿಜಯಕುಮಾರ್ ಇಳಿದು ವೈರು, ಫ್ಯೂಸು ಎಲ್ಲ ಮುಟ್ಟಿ ನೋಡಿದ. ಎಲ್ಲವೂ ಸರಿಯಿತ್ತು. ಕೊನೆಗೆ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

ರೇಡಾರ್ ಪೆಟ್ಟಿಗೆಯ ಮೇಲೆ ಅಂಗೈಯಗಲ ಅರಿಶಿನ. ಅದರ ನಡುವೆ ಕುಂಕುಮ. ಅದರ ಮುಂದೆ, ಕಪ್ಪು ದಾರದಲ್ಲಿ ಬಿಗಿಯಾಗಿ ಕಟ್ಟಿದ ಒಂದು ತಾಮ್ರದ ತಗಡು, ತಗಡಿನ ಕೆಳಗೆ ಕುದುರೆ ಲಾಳ.

"ಅಣ್ಣಾ, ಇದ್ಯಾರ್ ಮಾಡಿದ್ದು? ಲೋಹದ ಗೋಡೆ ಕಟ್ಟಿಬಿಟ್ಟು, ಆಚೆ ನೋಡು ಅಂದ್ರೆ ಪಾವಂ, ಅದು ಎಲ್ಲಿ ನೋಡುತ್ತೆ?"

ಗಂಡ ಹೆಂಡತಿ ಇಬ್ಬರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಚಲಪತಿಯ ತಾಯಿ ಪಾಪಕ್ಕನ ಕೆಲಸ. ಚಲಪತಿ ದಾರಕ್ಕೆ ಕೈ ಹಾಕಿದ. ಮುನಿಲಕ್ಷ್ಮಿ ಅವನ ಕೈ ಹಿಡಿದಳು.

"ಅತ್ತೆಗೆ ಏಳ್ದೆ ಬಿಚ್ಬೇಡ. ನಾಳೆ ನೀನು ಎಡವಿದ್ರೂ ಬಿಚ್ಚಿದ್ದಕ್ಕೇ ಅಂತಾರೆ, ನಾನು ಕೇಳ್ಬೇಕು."

ಗಾಡಿ ಊರಿಗೆ ಮರಳಿತು. ಪಾಪಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ವಿಷಯ ಕೇಳಿ ಅವಳಿಗೆ ಕೋಪ ಬಂತು.

"ಬಿಚ್ಚೋ ಮಾತಾಡ್ಬೇಡ್ಲಾ. ನಿನ್ನೆ ಊರೋರೆಲ್ಲ ಬಂದು ಆ ಪೆಟ್ಗೆ ಮುಂದೆ ಕುಂತು ನೋಡಿದ್ದೂ ನೋಡಿದ್ದೇ. ಎಲ್ರ ಕಣ್ಣೂ ಅದ್ರ ಮ್ಯಾಲೇ ಬಿತ್ತು. ಅಲ್ಲಿ ಕಟ್ದೆ ಇನ್ನೆಲ್ಲಿ ಕಟ್ಲಿ, ನಿನ್ ತಲೆಗಾ? ಓದ ಸಲ ಕಟ್ಟಿರ್ಲಿಲ್ಲ, ಬಿದ್ದೆ."

ಅವಳ ತರ್ಕದಲ್ಲಿ ದೋಷ ಹುಡುಕುವುದು ಸುಲಭವಲ್ಲ. ಮಗುವಿನ ಮುಖ ಚೆನ್ನಾಗಿದ್ದರೆ ಕೆನ್ನೆಗೇ ಕಪ್ಪು ಬೊಟ್ಟು ಇಡುತ್ತಾರೆ, ಬೆನ್ನಿಗಲ್ಲ. ಹೊಸದು ಎಲ್ಲಿದೆಯೋ ದೃಷ್ಟಿ ಬೀಳುವುದು ಅಲ್ಲಿ. ದೃಷ್ಟಿ ಬೀಳುವ ಜಾಗವೇ ದೃಷ್ಟಿ ಹಾಯಿಸುವ ಜಾಗವೂ ಆಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ವಿಜಯಕುಮಾರ್ ಜಗಲಿಯ ಕೆಳಗೆ ಕೂತ. "ಪಾಟಿ, ಒಂದ್ ಮಾತು."

"ಪಾಟಿ ಅಂತೆ! ಅಜ್ಜಿ ಅಲ್ಲ, ನಿಮ್ಮವ್ವನ ವಾರಿಗೆ ಕಣ್ಲಾ ನಾನು."

"ಸರಿ, ಅಮ್ಮಾ. ನಮ್ಮಪ್ಪ ಇಲ್ಲೇ ಕೆಜಿಎಫ್‌ನ ಮೈಸೂರು ಮೈನ್ಸ್ ಅನ್ನೋ ಗಣೀಲಿ ವೈಂಡರ್ ಡ್ರೈವರು. ಮೇಲೆ ಎಂಜಿನ್ ರೂಮಲ್ಲಿ ಕೂತು, ಜನ ತುಂಬಿದ ಬೋನನ್ನ ಹಗ್ಗದಲ್ಲಿ ಗಣಿಯೊಳಕ್ಕೆ ಇಳ್ಸೋದು, ಎತ್ತೋದು. ಬೋನು ಅವರ ಕಣ್ಣಿಗೆ ಕಾಣಲ್ಲ. ಎದುರಿಗೆ ಒಂದು ದೊಡ್ಡ ಮುಳ್ಳು, ಎಷ್ಟು ಆಳಕ್ಕೆ ಹೋಯ್ತು ಅಂತ ತೋರ್ಸೋದು. ಅದೊಂದೇ ನೋಡ್ಕೊಂಡು ಅಷ್ಟು ಜನರ ಜೀವ."

ಪಾಪಕ್ಕನ ಬೆರಳುಗಳು ನಿಂತವು. "ದೇವುಡಾ. ಆಮ್ಯಾಲೆ?"

"ನಮ್ಮಪ್ಪನಿಗೂ ದೈವಭಕ್ತಿ ಜಾಸ್ತಿ. ರೂಮಲ್ಲಿ ಮುರುಗನ ಪಟ ಇತ್ತು, ದಿನಾ ಹೂವ ಹಾಕೋರು. ಆದ್ರೆ ಪಟಾನ ಯಾವತ್ತೂ ಆ ಮುಳ್ಳಿನ ಮುಂದೆ ಇಡ್ಲಿಲ್ಲ. ಬೆನ್ನ ಹಿಂದಿನ ಗೋಡೆಗೆ ಹಾಕಿದ್ರು. ಮುಂದೆ ನೋಡೋದು ನನ್ನ ಕೆಲ್ಸ, ಹಿಂದೆ ಕಾಯೋದು ಅವನ ಕೆಲ್ಸ ಅನ್ನೋರು."

ಪಾಪಕ್ಕ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮಪ್ಪನ ಕೈಯಾಗೆ ಯಾರ್ನಾ ಸತ್ರಾ?" ಎಂದು ಕೇಳಿದಳು.

"ಇಲ್ಲಮ್ಮಾ."

ಅವಳು ಸೊಂಟ ಹಿಡಿದುಕೊಂಡು ಎದ್ದಳು. ತಾನೇ ದಾರ ಬಿಚ್ಚಿದಳು, ಸೆರಗಿನಿಂದ ಅರಿಶಿನ ಒರೆಸಿದಳು, ತಗಡನ್ನೂ ಲಾಳವನ್ನೂ ಒಯ್ದು ಗಾಡಿಯ ಹಿಂಬಾಗಿಲಿಗೆ ಕಟ್ಟಿದಳು. ಮೊದಲಿಗಿಂತ ಒಂದು ಗಂಟು ಹೆಚ್ಚೇ ಹಾಕಿದಳು.

ಗುಂಡಿ ಒತ್ತಿದಾಗ ಹಸಿರು ದೀಪ ಬಂತು.

ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಚಲಪತಿ ಕಾಲು ತೆಗೆದು, ಚಾಚಿ, ಮಡಿಸಿ, ಬ್ರೇಕಿನ ಪಕ್ಕ ಇಟ್ಟುಕೊಂಡ. ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು. ಮುಂದೆ ನೀಲಗಿರಿ ಮರದ ದಿಮ್ಮಿ ಹೇರಿದ ಲಾರಿ ಸಿಕ್ಕಿತು. ಪಿಕಪ್ ತಾನೇ ನಿಧಾನವಾಗಿ ಅದರ ಹಿಂದೆ ದೂರ ಹಿಡಿಯಿತು. ಮುನಿಲಕ್ಷ್ಮಿ ರಸ್ತೆ ನೋಡುತ್ತಿರಲಿಲ್ಲ; ಗಂಡನ ಕಾಲು ನೋಡುತ್ತಿದ್ದಳು.

ಆಗ ಲಾರಿಯ ಕೆಂಪು ದೀಪ ಹತ್ತಿತು. ದಿಮ್ಮಿಯ ಹಗ್ಗ ಸಡಿಲಾಗಿತ್ತೋ ಏನೋ, ಡ್ರೈವರ್ ಇದ್ದಕ್ಕಿದ್ದಂತೆ ವೇಗ ತಗ್ಗಿಸಿದ. ಪೆಟ್ಟಿಗೆ ಕೂಗಿತು. ಅದು ಕೂಗುವಷ್ಟರಲ್ಲಿ ಚಲಪತಿಯ ಕಾಲು ಬ್ರೇಕಿನ ಮೇಲಿತ್ತು. ಅದುರಲಿಲ್ಲ. ಮೆತ್ತಗೆ ಹಿಡಿದು, ಒತ್ತಿ, ಗಾಡಿಯನ್ನು ರಸ್ತೆ ಬದಿಯ ಪಟ್ಟಿಗೆ ತಂದು ನಿಲ್ಲಿಸಿದ.

ಮುನಿಲಕ್ಷ್ಮಿ ಇಳಿದು ಹಿಂದಕ್ಕೆ ಹೋದಳು. ಟಾರ್ಪಾಲು ಎತ್ತಿ ಟ್ರೇಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅತ್ತೆಯ ತಗಡನ್ನೂ ಒಮ್ಮೆ ನೋಡಿದಳು. ವಾಪಸು ಬಂದು ಕೂತು ಬಾಗಿಲು ಹಾಕಿಕೊಂಡಳು.

"ಏನಂತೆ?" ಎಂದ ಚಲಪತಿ.

"ಬಾಣಂತಿ ಸೆಂದಾಗವಳೆ. ನಡಿ."

"ಕೀ?"

"ಕೀ ಗಾಡೀಲೇ ಐತಲ್ಲ, ಕಿತ್ತು ಯಾರಿಗ್ ಕೊಡ್ಲಿ? ಮಾಲೂರು ತಾವ ನಿಲ್ಸಿ ನಾಲ್ಕ್ ಎಜ್ಜೆ ನಡೀಬೇಕು ಮಾತ್ರ. ನಡೀದಿದ್ರೆ ವೆಂಕಿ ಅವ್ನೆ."

ಚಲಪತಿ ಈಗಲೂ ಸಸಿ ಸಾಗಿಸುತ್ತಾನೆ. ಮುಂದಿನ ಗಾಡಿಗೂ ತನಗೂ ನಡುವೆ ಅವನು ಬಿಡುವ ಜಾಗದಲ್ಲಿ ಸಿಕ್ಕಸಿಕ್ಕವರೆಲ್ಲ ನುಗ್ಗುತ್ತಾರೆ. ಪಿಕಪ್ ಮತ್ತೆ ಹಿಂದಕ್ಕೆ ಸರಿದು ಮತ್ತಷ್ಟು ಜಾಗ ಬಿಡುತ್ತದೆ. ಎಲ್ಲರಿಗಿಂತ ತಡವಾಗಿ ಮುಟ್ಟುತ್ತಾನೆ ಎಂದು ವೆಂಕಿ ನಗುತ್ತಾನೆ. ಮಾಲೂರಿನ ಹತ್ತಿರ ಗಾಡಿ ನಿಲ್ಲಿಸಿ ಅದರ ಸುತ್ತ ಕುಂಟುತ್ತ ನಡೆಯುವಾಗ ಚಲಪತಿ ಹಿಂಬಾಗಿಲ ಬಳಿ ನಿಂತು ದಾರದ ಗಂಟು ಎಳೆದು ನೋಡುತ್ತಾನೆ. ಸಡಿಲಾಗಿದ್ದರೆ ಬಿಗಿಮಾಡಿ, ಆಮೇಲೆ ಗಾಡಿ ಹತ್ತುತ್ತಾನೆ.