ಹದಿನಾಲ್ಕನೇ ತಾರೀಖಿನ ಬಿಲ್ಲೆ

ಹಳೇ ನಾಣ್ಯದ ಅಂಗಡಿಯವರನ್ನು ಊರೆಲ್ಲ ಭೂತಗನ್ನಡಿ ಮಾಮ ಎಂದೇ ಕರೆಯುತ್ತಿತ್ತು. ಬಾಗಿಲಷ್ಟೇ ಅಗಲದ ಅಂಗಡಿ. ಗಿರಾಕಿ ಒಳಗೆ ಬಂದರೆ ಮಾಮ ಕಾಲು ಮಡಚಿಕೊಳ್ಳಬೇಕು. ಏನೇ ತಂದರೂ ಅವರು ಮೊದಲು ಮುಟ್ಟುತ್ತಿರಲಿಲ್ಲ. ಅದು ಯಾರ ಕೈಯಿಂದ ಬಂತು ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡ ಮೇಲೆಯೇ ಕೈಚಾಚುವುದು.

ನಮ್ಮ ಯಜಮಾನರು ಹಡಗು ಕಟ್ಟುವಲ್ಲಿ ರಿವೆಟ್ ಹೊಡೆಯುತ್ತಿದ್ದವರು. ನೌಕಾಪಡೆಯ ದೊಡ್ಡ ಹಡಗು ನೀರಿಗಿಳಿದ ನೆನಪಿಗೆ ಕೆಲಸದವರಿಗೆ ಕೊಟ್ಟದ್ದೆಂದು ಒಂದು ತಾಮ್ರದ ಬಿಲ್ಲೆ ಇಟ್ಟುಕೊಂಡಿದ್ದರು. ಒಂದು ಬದಿ ಹಡಗು, ಇನ್ನೊಂದು ಬದಿ ತಾರೀಖು. ಅವರು ಹೋದ ಮೇಲೆ ಅಳಿಯ ಅದನ್ನು ಎರಡು ಅಂಗಡಿಗೆ ತೋರಿಸಿಕೊಂಡು ಬಂದ. ಹಡಗು ಇಳಿದದ್ದು ಹದಿನಾರಕ್ಕೆ, ಬಿಲ್ಲೆಯಲ್ಲಿರುವುದು ಹದಿನಾಲ್ಕು, ನಕಲಿ ಎಂದರಂತೆ.

"ಮಾವ ಎಲ್ಲೋ ಕೊಂಡ್ಕೊಂಡು ನಮ್ಗೆ ಕಥೆ ಕಟ್ಟಿದ್ದಾರೆ, ಬಿಡಿ ಅತ್ತೆ" ಎಂದು ನಕ್ಕ.

ನಲವತ್ತು ವರ್ಷ ನಾನು ಸುಳ್ಳುಗಾರನ ಜೊತೆ ಬಾಳಿಲ್ಲ. ಮರುದಿನವೇ ಬಿಲ್ಲೆ ತೆಗೆದುಕೊಂಡು ಮಾಮನ ಅಂಗಡಿಗೆ ನಡೆದೆ.

ಹಡಗು ಇಳಿದ ದಿನ ನೀವು ಇದ್ದಿರಾ ಎಂದು ಮಾಮ ಕೇಳಿದರು. ಎರಡು ದಿನವೂ ಇದ್ದೆ ಎಂದೆ. ಹದಿನಾಲ್ಕಕ್ಕೇ ಬಾವುಟ ಕಟ್ಟಿ, ಕುರ್ಚಿ ಹಾಕಿ, ವಾದ್ಯದವರನ್ನೂ ಕರೆಸಿದ್ದರು. ಎಲ್ಲಿತ್ತೋ ಗಾಳಿ, ಕುರ್ಚಿಗಳೆಲ್ಲ ಮಗುಚಿಬಿದ್ದವು, ಹಡಗನ್ನು ನೀರಿಗೆ ಬಿಡಲಿಲ್ಲ. ಹಲಗೆಯೊಂದು ನಮ್ಮವರ ಪಾದದ ಮೇಲೆ ಬಿದ್ದು ತಿಂಗಳು ಮಲಗಿದರು. ಹದಿನಾರಕ್ಕೆ ನಾನೊಬ್ಬಳೇ ಹೋಗಿ ನೋಡಿ ಬಂದೆ.

ಮಾಮ ತಮ್ಮ ಡ್ರಾಯರಿನಿಂದ ಹದಿನಾರನೇ ತಾರೀಖಿನ ಬಿಲ್ಲೆಯೊಂದನ್ನು ತೆಗೆದು, ಎರಡನ್ನೂ ಚಿನ್ನ ತೂಗುವ ತಕ್ಕಡಿಗೆ ಹಾಕಿದರು. ಮುಳ್ಳು ಅಲುಗಲಿಲ್ಲ. ಆಮೇಲೆ ಭೂತಗನ್ನಡಿ ನನ್ನ ಕೈಗೇ ಕೊಟ್ಟರು. ಎರಡರಲ್ಲೂ ಹಡಗಿನ ಕಂಬದ ಕೆಳಗೆ ಕೂದಲೆಳೆಯಂಥ ಒಂದೇ ಗೆರೆ.

"ಅಚ್ಚು ಬಿರುಕುಬಿಟ್ಟಿದ್ದ ಗುರುತಮ್ಮ ಅದು. ಹಡಗಿನ ಬದಿ ಎರಡಕ್ಕೂ ಒಂದೇ ಅಚ್ಚು, ತಾರೀಖಿನ ಬದಿ ಮಾತ್ರ ಬದಲಾಯ್ಸಿದ್ದಾರೆ. ನಿಮ್ಮದನ್ನ ಮುಂಚೇನೇ ಮಾಡಿಸಿ, ಹದಿನಾಲ್ಕರ ಬೆಳಿಗ್ಗೆನೇ ಹಂಚಿಬಿಟ್ಟಿದ್ದಾರೆ. ದಿನ ತಪ್ಪಿದ್ಮೇಲೆ ವಾಪಸ್ ತಗೊಂಡು ಹೊಸದು ಕೊಟ್ರು ಅಂತ ಕೇಳಿದ್ದೆ, ಕಣ್ಣಲ್ಲಿ ಕಂಡಿರ್ಲಿಲ್ಲ. ಕಾಲು ಮುರ್ಕೊಂಡು ಮಲಗಿದ್ದೋರ ಹತ್ರ ಯಾರು ಹೋಗಿ ಕೇಳ್ತಾರೆ? ನಿಮ್ಮ ಯಜಮಾನ್ರು ನಿಜಾನೇ ಹೇಳಿದ್ದಾರೆ."

ಬೆಲೆ ಕೇಳಿದೆ. ಹದಿನಾರರದ್ದು ಮಾರಿದ ದುಡ್ಡಿಗೆ ಒಂದು ಜೊತೆ ಚಪ್ಪಲಿ, ಇದರ ದುಡ್ಡಿಗೆ ಹೊಲಿಗೆ ಯಂತ್ರವೇ ಬರುತ್ತದೆ ಎಂದರು.

"ಕೊಡ್ತೀನಿ. ಆದ್ರೆ ಈಗ ಹೇಳಿದ್ದನ್ನೆಲ್ಲ ಬರ್ದು ಕೊಡಿ" ಎಂದೆ.

ತೂಕ, ಬಿರುಕು, ಗಾಳಿ, ನಮ್ಮವರ ಕಾಲು ಎಲ್ಲವನ್ನೂ ಬರೆದು, ಅಂಗಡಿ ಮೊಹರು ಒತ್ತಿಕೊಟ್ಟರು. ಅಕ್ಷರ ಕೂಡಿಸಿಕೊಂಡಾದರೂ ಓದಬಲ್ಲೆ ನಾನು. ಆದರೂ ಊಟಕ್ಕೆ ಕೂತ ಅಳಿಯನ ಕೈಗೆ ಕೊಟ್ಟು, ಎಲ್ಲರ ಮುಂದೆ ಜೋರಾಗಿ ಓದಿಸಿದೆ.