ಓವರ್‌ಲಾಕ್ ಅಣ್ಣ

ನಮ್ಮ ಬೀದಿಯವರೆಲ್ಲ ಓವರ್‌ಲಾಕ್ ಅಣ್ಣ ಎಂದು ಕರೆಯುವ ಮನುಷ್ಯನಷ್ಟು ಪುಕ್ಕಲನನ್ನು ನಾನಂತೂ ಕಂಡಿಲ್ಲ. ಅವನ ಓವರ್‌ಲಾಕ್ ಮಷಿನ್ನು ಬಟ್ಟೆಯ ಅಂಚನ್ನು ಹೊಲಿಯುತ್ತಲೇ ಹೆಚ್ಚಾದದ್ದನ್ನು ಕತ್ತರಿಸಿ ಬಿಸಾಡುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದು ಹೇಗೆ ಎಂಬುದೇ ಅವನ ದಿಗಿಲು. ಟೈಲರುಗಳು ತಂದುಕೊಟ್ಟ ಬಟ್ಟೆಯ ಕೆಳಗೆ ಮಡಿಕೆ ಸಿಕ್ಕಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ, ಮತ್ತೆ ನೋಡುತ್ತಾನೆ, "ಅಳತೆ ಸರಿಯಿದೆ ತಾನೆ? ಆಮೇಲೆ ನನ್ನನ್ನ ಬೈಬೇಡಿ" ಎನ್ನುತ್ತಾನೆ. "ಅಂಚು ಕತ್ತರಿಸು ಅಂದಿದ್ದು ಮಾರಾಯ, ನಿನ್ನ ಮೂಗನ್ನಲ್ಲ" ಎಂದು ಅವರು ರೇಗಿಸಿದರೂ ಪೆಡಲ್ ತುಳಿಯುವಾಗ ಉಸಿರು ಬಿಗಿಹಿಡಿಯುತ್ತಾನೆ. ಗಿರಾಕಿಯ ಮಗು ಮೇಜಿನ ಹತ್ತಿರ ಸುಳಿದರೆ ಸಾಕು, ಸ್ವಿಚ್ಚು ಆರಿಸಿ, ಅದರ ಕೈಗೊಂದು ಖಾಲಿ ದಾರದ ರೀಲು ಕೊಟ್ಟು, ಅದು ಬಾಗಿಲು ದಾಟುವವರೆಗೂ ಕಾಯುತ್ತಾನೆ. ಮೊನ್ನೆ ನಾನು ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಗ ಅವನ ಹೆಂಡತಿ ಬಂದಳು. ಕಾಯಿಲೆ ಬಿದ್ದಮೇಲೆ ಅವಳು ದಿನೇ ದಿನೇ ಕಡ್ಡಿಯಾಗುತ್ತಿದ್ದಾಳೆ. ತಾನು ಕೆಲಸಕ್ಕೆ ಹಾಕಿಕೊಳ್ಳುವ ಅಂಗಿಯನ್ನು ಮೇಜಿನ ಮೇಲಿಟ್ಟು, "ಮತ್ತೆ ದೊಗಳೆ ಆಗಿದೆ ರೀ. ಎರಡೂ ಪಕ್ಕ ಹಿಡಿದು, ಹೆಚ್ಚಿನ ಬಟ್ಟೆ ಕತ್ತರಿಸಿಬಿಡಿ, ಒಳಗೆ ಚುಚ್ಚತ್ತೆ" ಎಂದಳು. ಅಣ್ಣ ಅಂಗಿಯನ್ನು ಒಳಹೊರಗು ಮಾಡಿದ. ಪಕ್ಕಗಳಲ್ಲಿ ಆಗಲೇ ಸಾಲಿನ ಪಕ್ಕ ಸಾಲು ಹೊಲಿಗೆಯಿತ್ತು, ಬಟ್ಟೆಯ ಒಂದು ಎಳೆಯನ್ನೂ ಕತ್ತರಿಸಿರಲಿಲ್ಲ. ಓವರ್‌ಲಾಕಿನಿಂದ ಎದ್ದು, ಮೂಲೆಯ ಸಾದಾ ಹೊಲಿಗೆ ಮಷಿನ್ನಿನ ಮುಂದೆ ಕೂತು, ಇನ್ನೊಂದು ಸಾಲು ಹಾಕತೊಡಗಿದ. "ಈ ಸಲವೂ ಕತ್ತರಿಸಲ್ವಾ?" ಎಂದಳು ಅವಳು. ಅವನು ತಲೆಯೆತ್ತದೆ ಅಂದ: "ಇರಲಿ ಬಿಡೆ. ನೀನು ಮತ್ತೆ ಮೈ ತುಂಬಿಕೊಂಡಾಗ ಇದೇ ಬಣ್ಣದ ಬಟ್ಟೆ ನಾನೆಲ್ಲಿ ಹುಡುಕ್ಲಿ?"