ಬ್ರಷ್ಷಣ್ಣ ಬರೆದ ಒಂದೇ ಮುಖ

ಹಲ್ಲಿನ ಡಾಕ್ಟರರ ಬೋರ್ಡಿನಲ್ಲಿ ಮೂವತ್ತೆರಡೂ ತೋರಿಸಿ ನಗುವ ಮಹಾಶಯ, ಟಾನಿಕ್ ಕುಡಿದು ತೋಳು ಉಬ್ಬಿಸಿದ ಪೈಲ್ವಾನ, ನಾಟಕದ ಪರದೆಯ ಮೇಲೆ ಕಿರೀಟ ಹೊತ್ತ ಚಕ್ರವರ್ತಿ, ಕ್ಷೌರದಂಗಡಿಯ ಬಾಗಿಲಲ್ಲಿ ಕ್ರಾಪು ತೀಡಿಕೊಂಡ ಸುಂದರ. ಊರೆಲ್ಲ ಹರಡಿದ ಈ ಮಹನೀಯರೆಲ್ಲ ಒಬ್ಬನೇ ಎಂಬ ಪರಮ ರಹಸ್ಯ ನಮ್ಮ ಓಣಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ಯಾರೆಂದರೆ, ಬೋರ್ಡು ಬರೆಯುವ ಬ್ರಷ್ಷಣ್ಣನ ಭಾವ, ಅಂದರೆ ಅವನ ಅಕ್ಕನ ಗಂಡ, ಗಿರಣಿ ಗೇಟಿನ ಕಾವಲುಗಾರ.

ನಾಲ್ಕು ತಲೆಮಾರಿನ ಹಿಂದೆ ಗಿರಣಿ ಕೆಲಸಕ್ಕೆಂದು ಹಡಗಿನಲ್ಲಿ ತುಂಬಿ ತಂದ ಜನ ನಾವು. ಮೈ ಕಪ್ಪು, ಕೂದಲು ಗುಂಗುರು. ಗಿರಣಿಯ ಹಿಂದಿನ ನಮ್ಮ ಓಣಿಗೆ ಊರಿನವರು ಇಟ್ಟ ಹೆಸರು ಇದ್ದಿಲೋಣಿ. ಇಲ್ಲೇ ಹುಟ್ಟಿ, ಇಲ್ಲಿನ ಭಾಷೆಯಲ್ಲೇ ಬೈದಾಡಿ, ಇಲ್ಲಿನ ಶೀತಕ್ಕೇ ಮೂಗು ಸೋರಿಸಿಕೊಂಡರೂ ಬಸ್ಸಿನಲ್ಲಿ ಪಕ್ಕ ಕೂತವರು "ನಿಮ್ಮ ಕಡೆ ಮಳೆ ಹೇಗೆ?" ಎಂದು ಕೇಳುವುದು ತಪ್ಪಿಲ್ಲ. ಪಕ್ಕ ಕೂತರೆ, ಅನ್ನಿ.

ಬ್ರಷ್ಷಣ್ಣ ಚಿತ್ರ ಕಲಿತದ್ದು ಗುರುವಿಲ್ಲದೆ. ಎದುರಿಗೆ ಕೂರಲು ಒಂದು ಮುಖ ಬೇಕಿತ್ತು, ಓಣಿಯಲ್ಲಿ ಅಲ್ಲಾಡದೆ ಕೂರಬಲ್ಲ ಗಂಡಸು ಭಾವ ಒಬ್ಬನೇ. ಕೂರುವುದೇ ಅವನ ನೌಕರಿ. ರಜೆಯ ದಿನ ಮನೆಯ ಮುಂದಿನ ಕಟ್ಟೆಯ ಮೇಲೆ ಕಲ್ಲಿನಂತೆ ಕೂತು, ತುಟಿ ಅಲ್ಲಾಡಿಸದೆ ಕೇಳುತ್ತಿದ್ದ, "ಮುಗೀತೇನೋ?"

"ಇನ್ನೊಂಚೂರು, ಭಾವ."

"ನಿನ್ನ ಇನ್ನೊಂಚೂರಲ್ಲಿ ನನ್ನ ಕೂದಲೇ ನೆರೀತು ಕಣೋ."

"ಕೂತವರಿಗೇನು ಧಾಡಿ? ನಿಂತು ಬರೆಯೋನು ನನ್ನ ತಮ್ಮ," ಎಂದು ಅಕ್ಕ ಒಳಗಿನಿಂದ ತೀರ್ಪು ಕೊಡುತ್ತಿದ್ದಳು.

ಹದಿನೆಂಟು ವರ್ಷ ಹೀಗೆ ನಡೆದು, ಎಡ ಹುಬ್ಬಿನಿಂದ ಶುರುಮಾಡಿದರೆ ಗಲ್ಲದ ಗುಳಿಯವರೆಗೆ ಬ್ರಷ್ಷಣ್ಣನ ಕೈ ಕಣ್ಣು ಮುಚ್ಚಿಕೊಂಡು ಹೋಗಿಬರುವಂತಾಯಿತು. ಬೇರೆ ದಾರಿ ಆ ಕೈಗೆ ಗೊತ್ತೇ ಇರಲಿಲ್ಲ. ಹಚ್ಚುವ ಬಣ್ಣ ಮಾತ್ರ ಅಂಗಡಿಯದು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ಮೈಬಣ್ಣ' ಎಂದು ಬರೆದಿರುತ್ತಿತ್ತು. ಒಳಗಿದ್ದದ್ದು ಹೊಸದಾಗಿ ಹುಟ್ಟಿದ ಇಲಿಮರಿಯ ಗುಲಾಬಿ. ಆ ಗುಲಾಬಿಯಲ್ಲಿ ಭಾವ ರಾಜನಾದ, ಪೈಲ್ವಾನನಾದ, ಡಾಕ್ಟರರ ಮೆಚ್ಚಿನ ರೋಗಿಯಾದ. ತನ್ನದೇ ಚಿತ್ರದ ಕೆಳಗೆ ನಿಂತು ಬಸ್ಸಿಗೆ ಕಾಯುತ್ತಿದ್ದರೂ ಒಬ್ಬನೇ ಒಬ್ಬ ಗುರುತು ಹಿಡಿದವನಿಲ್ಲ.

ಹೀಗಿರಲು ಒಂದು ಮಧ್ಯಾಹ್ನ ಆಭರಣದಂಗಡಿಗೆ ಯಾರೋ ನುಗ್ಗಿ ಒಂದು ತಟ್ಟೆ ಬಳೆ ಎತ್ತಿಕೊಂಡು ಓಡಿದ. ಠಾಣೆಯ ಇನ್ಸ್‌ಪೆಕ್ಟರು, ಕಳ್ಳನ ಚಿತ್ರ ಬರೆಯಲು ಬ್ರಷ್ಷಣ್ಣನಿಗೆ ಹೇಳಿಕಳಿಸಿದರು. ಅವನು ಇದ್ದ ಒಂದೇ ಇಸ್ತ್ರಿ ಅಂಗಿ ತೊಟ್ಟು, ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಬ್ರಷ್ಷುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಅಂಗಡಿಯ ಯಜಮಾನಿ ಅಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು.

"ಮುಖ ಹೇಗಿತ್ತಮ್ಮ?"

"ಕಪ್ಪಗಿತ್ತು."

"ಕಣ್ಣು?"

"ಕಪ್ಪಗಿದ್ದ ಅಂದೆನಲ್ಲ. ಅವರ ಥರಾನೇ."

"ಮೂಗು?"

"ಅವರಿಗೆಲ್ಲ ಹೇಗಿರುತ್ತೋ ಹಾಗೆ. ನಿನಗೆ ಗೊತ್ತಿರಲ್ವಾ?"

ಅಲ್ಲಿಗೆ ಎದ್ದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬ್ರಷ್ಷಣ್ಣನ ತಲೆಯಲ್ಲಿ ಬೇರೆಯೇ ಸಂಭ್ರಮ ನಡೆದಿತ್ತು. ಅವನ ಜೀವಮಾನದಲ್ಲಿ ಮೊದಲ ಸಲ ಒಬ್ಬರು ಕಪ್ಪು ಮುಖ ಬೇಕೆಂದು ಕೇಳಿದ್ದರು! ಬರೀ ಕಪ್ಪು ಬಳಿದರೆ ಮುಖ ಸುಟ್ಟಂತೆ ಕಾಣುತ್ತದೆ. ಅದಕ್ಕೆ ಕಾವಿ ಬೇಕು, ತೊಟ್ಟು ನೀಲಿ ಬೇಕು, ಕೆನ್ನೆಯ ಏರಿನಲ್ಲಿ ಬೆಳಕು ಕೂರಲು ಹಳದಿ ಬೇಕು. ಈ ವಿದ್ಯೆಯನ್ನೆಲ್ಲ ಗಿರಾಕಿಯಿಲ್ಲದೆ ಹದಿನೆಂಟು ವರ್ಷ ಒಳಗೇ ಬಚ್ಚಿಟ್ಟುಕೊಂಡಿದ್ದವನು ಠಾಣೆಯ ಬೆಂಚಿನ ಮೇಲೆ ಧಾರೆ ಎರೆದುಬಿಟ್ಟ. ಕೈ ಎಡ ಹುಬ್ಬಿನಿಂದ ಹೊರಟು ತನ್ನ ಹಳೆಯ ದಾರಿಯಲ್ಲಿ ಗಲ್ಲದ ಗುಳಿ ತಲುಪಿತು. ಕೆಳಗೆ ಸಹಿ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗಲೇ ಅದು ಭಾವನ ಮುಖವೆಂದು ಅವನಿಗೆ ಹೊಳೆದದ್ದು.

"ಇವನೇ!" ಎಂದು ಯಜಮಾನಿ ಚೀರಿದರು.

ಚಕ್ರವರ್ತಿಯಾಗಿದ್ದಾಗ ಯಾರಿಗೂ ಗುರುತು ಸಿಗದ ಮುಖ ಕಳ್ಳನಾದ ಕೂಡಲೇ ಇಡೀ ಠಾಣೆಗೆ ಸಿಕ್ಕಿತು. "ಗಿರಣಿ ಗೇಟಲ್ಲಿ ಕೂರ್ತಾನಲ್ಲ ಸಾರ್!" ಎಂದ ಪೇದೆ. ಅರ್ಧ ಗಂಟೆಯಲ್ಲಿ ಭಾವನನ್ನು ಕುರ್ಚಿಯಿಂದ ಎಬ್ಬಿಸಿ ಕರೆತಂದರು.

"ಸಾರ್, ಅದು ನನ್ನ ಭಾವ. ಅಭ್ಯಾಸಬಲದಿಂದ ಬಂತು ಸಾರ್. ನಾನು ಯಾರನ್ನು ಬರೆದರೂ ಅವರೇ ಬರ್ತಾರೆ!"

"ಸಾಕ್ಷಿ ಹೌದು ಅಂದಿದ್ದಾರೆ. ಸಹಿ ನಿಂದೇ. ಇನ್ನೇನಯ್ಯಾ?"

ಕಳ್ಳತನವಾದ ಹೊತ್ತಿನಲ್ಲಿ ಭಾವ ಗೇಟಿನಲ್ಲೇ ಇದ್ದನಲ್ಲ ಎಂದು ಬ್ರಷ್ಷಣ್ಣ ಗಿರಣಿ ಮ್ಯಾನೇಜರನ ಬಳಿ ಓಡಿದರೆ, ಆತ ಕನ್ನಡಕ ಒರೆಸುತ್ತಾ, "ಗೇಟಿನಲ್ಲಿ ಯಾರೋ ಕೂತಿದ್ದು ನಿಜ. ಅವನೇ ಅಂತ ಹೇಗೆ ಹೇಳೋದು? ಮುಖ ಯಾರು ನೋಡ್ತಾರೆ?" ಎಂದ. ಹದಿನೆಂಟು ವರ್ಷ ಅದೇ ಮುಖ ಎದ್ದು ನಿಂತು ಅವನಿಗೆ ಗೇಟು ತೆರೆದಿತ್ತು. ನಮ್ಮ ಓಣಿಯ ಇಪ್ಪತ್ತು ಮಂದಿಯ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ನಾವು ನಮ್ಮವರ ಪರವೇ ಹೇಳುತ್ತೇವಂತೆ.

ಬ್ರಷ್ಷಣ್ಣ ಇನ್ಸ್‌ಪೆಕ್ಟರರ ಕಾಲಿಗೆ ಬೀಳುವುದೊಂದು ಬಾಕಿ. ಹೇಗೋ ಒಪ್ಪಿಸಿ ಜೀಪಿನಲ್ಲಿ ಊರು ಸುತ್ತಿಸಿದ. "ನೋಡಿ ಸಾರ್, ಡಾಕ್ಟರರ ಬೋರ್ಡಲ್ಲಿ ಇವರೇ. ಪೈಲ್ವಾನನೂ ಇವರೇ. ಹುಬ್ಬು ನೋಡಿ, ಗಲ್ಲ ನೋಡಿ."

ಇನ್ಸ್‌ಪೆಕ್ಟರು ಟೊಪ್ಪಿ ಹಿಂದಕ್ಕೆ ಸರಿಸಿ, ಕೆಟ್ಟ ಮನುಷ್ಯರೇನಲ್ಲ, ನಿಜಕ್ಕೂ ಶ್ರದ್ಧೆಯಿಂದ ನೋಡಿದರು. "ಇವರೆಲ್ಲ ಬೆಳ್ಳಗಿದ್ದಾರಲ್ಲಯ್ಯಾ."

ಮರುದಿನ ನಮ್ಮ ವೀರ ಏಣಿ ಹೊತ್ತು ದಂಡಯಾತ್ರೆ ಹೊರಟ. ಡಾಕ್ಟರರ ಮಹಾಶಯ ಕಪ್ಪಾದ, ಪೈಲ್ವಾನ ಕಪ್ಪಾದ, ಕ್ಷೌರದ ಸುಂದರನೂ ಕಪ್ಪಾದ. ಮಧ್ಯಾಹ್ನದೊಳಗೆ ಊರಿನಲ್ಲಿ ಮೂರು ಕಡೆ ಭಾವ ತನ್ನ ನಿಜವಾದ ಬಣ್ಣದಲ್ಲಿ ನಿಂತು ನಗುತ್ತಿದ್ದ. ಎಂಥ ಚಿತ್ರಗಳು ಅಂತೀರಿ! ನಾವೆಲ್ಲ ಕೆಲಸ ಬಿಟ್ಟು ಹೋಗಿ ನೋಡಿದೆವು. ಸಂಜೆಯೊಳಗೆ ಮೂರಕ್ಕೂ ಸುಣ್ಣ ಬಿತ್ತು. "ಕಳ್ಳನ ಮುಖ ತಂದು ನನ್ನ ಗೋಡೆಗೆ ಅಂಟಿಸ್ತೀಯಾ?" ಎಂದು ಡಾಕ್ಟರು ಏಣಿಯನ್ನೇ ಒದ್ದರು. ಅಂದಿನಿಂದ ಬ್ರಷ್ಷಣ್ಣನಿಗೆ ಬೋರ್ಡಿನ ಕೆಲಸ ನಿಂತಿತು.

ನೋಡಲು ಹೋದಾಗ ಜೈಲಿನ ಜಾಲರಿಯ ಆಚೆಯಿಂದ ಭಾವ ನಕ್ಕ. "ನಿನ್ನ ಚಿತ್ರ ಠಾಣೆಯಲ್ಲಿ ನೋಡ್ದೆ ಕಣೋ. ಚೆನ್ನಾಗಿ ಬಂದಿದೆ. ಇಷ್ಟು ವರ್ಷಕ್ಕೆ ಒಂದು ಸಲವಾದ್ರೂ ನನ್ನ ಥರ ಕಾಣಿಸಿದೀನಿ."

ಬ್ರಷ್ಷಣ್ಣ ಮನೆಗೆ ಮರಳಿದ. ಅಕ್ಕ ತಮ್ಮನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ನಾಲ್ಕು ತಿಂಗಳ ಮೇಲೆ ವಾಚಿನ ಅಂಗಡಿಯಲ್ಲಿ ಕಳ್ಳತನವಾಯಿತು. ಠಾಣೆಯ ಗೋಡೆಯ ಮೇಲೆ ಬ್ರಷ್ಷಣ್ಣನ ಚಿತ್ರ ಇನ್ನೂ ತೂಗುತ್ತಿತ್ತು. ವಾಚಿನವನು ಒಳಗೆ ಬಂದವನೇ ಅದಕ್ಕೆ ಬೆರಳು ತೋರಿಸಿ, "ಇವನೇ ಸಾರ್!" ಎಂದ.

ಸುದ್ದಿ ಕೇಳಿ ಓಣಿಗೆ ಓಣಿಯೇ ಕುಣಿಯಿತು. ಜೈಲಿನಲ್ಲಿರುವವನು ವಾಚು ಕದಿಯುವುದುಂಟೇ? ಬ್ರಷ್ಷಣ್ಣ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಠಾಣೆಗೆ ಓಡಿದ.

ಇನ್ಸ್‌ಪೆಕ್ಟರು ಬಹಳ ಹೊತ್ತು ಯೋಚಿಸಿದರು. "ಹೌದಲ್ಲ," ಎಂದರು. ಬ್ರಷ್ಷಣ್ಣ ಕೈಯಲ್ಲಿದ್ದ ಚಪ್ಪಲಿಯನ್ನೂ ಕಾಲಿಗೆ ಹಾಕಿಕೊಂಡ. "ಹಾಗಾದ್ರೆ ಇವನ ಜೊತೆಗೆ ಇನ್ನೊಬ್ಬ ಇದ್ದಾನೆ. ಇದೇ ಥರದವನು. ಕೂತ್ಕೊ, ಅವನದೂ ಒಂದು ಬರಿ."

"ಬರೆಯಲ್ಲ ಸಾರ್."

"ನೀನು ಬರೆಯದಿದ್ರೂ ನಡೆಯುತ್ತೆ ಬಿಡು. ಗೋಡೆ ಮೇಲಿರೋ ಇದೇ ಸಾಕು."

ಅದೇ ವಾರ ಅವನು ಜಾಲರಿಯ ಮುಂದೆ ಹೋಗಿ ನಿಂತ. ಆಚೆಗೆ ಭಾವ ಸ್ಟೂಲಿನ ಮೇಲೆ, ಮಂಡಿಗಳ ಮೇಲೆ ಕೈ ಇಟ್ಟು, ಮುಖವನ್ನು ಅಭ್ಯಾಸದಂತೆ ಬೆಳಕಿನ ಕಡೆಗೆ ತಿರುಗಿಸಿ, ಅಲ್ಲಾಡದೆ ಕೂತಿದ್ದ. ಕಿಟಕಿಯ ಬಿಸಿಲು ಕೆನ್ನೆಯ ಏರಿನ ಮೇಲೆ ಹಳದಿಯಾಗಿ ಬಿದ್ದಿತ್ತು. ತುಟಿ ಅಲ್ಲಾಡಿಸದೆ ಕೇಳಿದ, "ಮುಗೀತೇನೋ?"

ಬ್ರಷ್ಷಣ್ಣ ಬರಿಗೈಯನ್ನು ಜಾಲರಿಯ ಮೇಲೆ ಇಟ್ಟ.

"ಇನ್ನೊಂಚೂರು, ಭಾವ."